ಸಿರಿವಂತ ನಾಡಿನಲ್ಲಿ ಆರೋಗ್ಯದ ವಾದ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ರೋಗಕ್ಕೆ ರೋಗಿಯ ನಡೆವಳಿಕೆಯೇ ಕಾರಣ. ಹಿತಮಿತವಾಗಿ ಉಂಡು, ಮೈಬಗ್ಗಿಸಿ ದುಡಿಯುವವನು ವೈದ್ಯನ ಮನೆಯ ದಾರಿ ತುಳಿಯಬೇಕಾಗಿಲ್ಲ ಎಂಬುದು ಅದರ ಇಂಗಿತ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ನೂರು ವರ್ಷಗಳಿಗೂ ಮಿಕ್ಕಿ ನಡೆದುಬಂದಿರುವ ಒಂದು ದೊಡ್ಡ ವಾದದಲ್ಲಿ ಒಂದು ಪಕ್ಷದವರು ಆಡುವ ಮಾತು ಹೆಚ್ಚುಕಡಮೆ ಇದೇ ಆಗಿದೆ. ಎದುರು ಪಕ್ಷದವರ ಮಾತು ಬೇರೆ: ಊಟ ಬಲ್ಲವನಿಗೂ ರೋಗ ಬರುವುದುಂಟು, ಬಂದಾಗ ಅವನ ಪ್ರಾಣವು ಅವನ ಜೇಬಿನ ಹಣವನ್ನು ಅವಲಂಬಿಸಿರಬಾರದು. ಇವೆರಡರಲ್ಲಿ ಯಾವ ಮಾತಿಗೆ ಎಷ್ಟು ತೂಕವೆಂಬುದನ್ನು ಭಾಷಣಗಳಿಂದ ನಿರ್ಧರಿಸಲಾಗದು. ಆದರೆ ಆ ದೇಶದಲ್ಲಿ ಇದನ್ನು ಅಳೆದು ನೋಡುವ ನಿಜವಾದ ಪ್ರಯೋಗಗಳೇ ನಡೆದಿವೆ. ಅವುಗಳ ಸಂಗತಿ ವಿದ್ಯಾರ್ಥಿಗಳು ತಿಳಿಯತಕ್ಕದ್ದಾಗಿದೆ.

ಮೊದಲು ಅಲ್ಲಿನ ಒಗಟನ್ನು ನೋಡೋಣ. ೨೦೨೩ರಲ್ಲಿ ಅಮೆರಿಕನರು ಆರೋಗ್ಯಕ್ಕಾಗಿ ವೆಚ್ಚ ಮಾಡಿದ ಹಣ ಸುಮಾರು ೪.೯ ಲಕ್ಷ ಕೋಟಿ ಡಾಲರು. ಎಂದರೆ ಇಡೀ ರಾಷ್ಟ್ರದ ಉತ್ಪನ್ನದಲ್ಲಿ ನೂರಕ್ಕೆ ೧೭.೬ ಪಾಲು, ತಲೆಗೆ ೧೪,೫೭೦ ಡಾಲರು. ಬೇರಾವ ದೊಡ್ಡ ರಾಷ್ಟ್ರವೂ ಇಷ್ಟನ್ನು ಸುರಿಯುವುದಿಲ್ಲ. ಆದರೂ ಆ ವರ್ಷ ಅಲ್ಲಿನವರ ಸರಾಸರಿ ಆಯುಸ್ಸು ೭೮.೪ ವರ್ಷ, ಇದಕ್ಕಿಂತ ಎಷ್ಟೋ ಕಡಮೆ ವೆಚ್ಚ ಮಾಡುವ ಜಪಾನಿನಲ್ಲಿ ಸುಮಾರು ೮೪. ಹಣ ಹೆಚ್ಚು, ಆಯುಸ್ಸು ಕಡಮೆ! ಇದು ಹೇಗೆ?

ಆತುರದಿಂದ ಉತ್ತರ ಕೊಡುವವರು ಸರಾಸರಿ ಆಯುಸ್ಸೆಂದರೇನೆಂಬುದನ್ನು ಮರೆತುಬಿಡುತ್ತಾರೆ. ಎಂಬತ್ತರ ಮುದುಕನೊಬ್ಬನು ಒಂದು ವರ್ಷ ಮುಂಚೆ ತೀರಿಕೊಂಡರೆ ಲೆಕ್ಕದಲ್ಲಿ ನಷ್ಟವಾಗುವುದು ಒಂದೇ ವರ್ಷ. ಇಪ್ಪತ್ತೈದರ ತರುಣನೊಬ್ಬನು ಸತ್ತರೆ ಐವತ್ತು ವರ್ಷಗಳಿಗೂ ಹೆಚ್ಚು ನಷ್ಟ. ಮೋಟಾರು ಅಪಘಾತ, ಬಂದೂಕು, ಮಾದಕ ವಸ್ತು—ಇವು ಮೂರೂ ತರುಣರನ್ನೇ ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತವೆ. ಮೂರೂ ಅಮೆರಿಕದಲ್ಲಿ ಇತರ ಶ್ರೀಮಂತ ರಾಷ್ಟ್ರಗಳಿಗಿಂತ ಹೆಚ್ಚು. ೨೦೨೨ರಲ್ಲಿ ಮಾದಕ ವಸ್ತುಗಳ ಅತಿಸೇವನೆಯೊಂದರಿಂದಲೇ ಅಲ್ಲಿ ಸುಮಾರು ೧,೦೮,೦೦೦ ಮಂದಿ ಮಡಿದರು. ಆದುದರಿಂದ ಆಯುಸ್ಸಿನ ಅಂಕೆಯನ್ನು ಮಾತ್ರ ಹಿಡಿದು ಅಲ್ಲಿನ ಆಸ್ಪತ್ರೆಗಳು ನಿಷ್ಪ್ರಯೋಜಕವೆಂದು ಹೇಳುವುದು ಅನ್ಯಾಯ. ವೆಚ್ಚದ ಕಡೆಯ ಒಗಟಿಗೂ ಸುಲಭವಾಗಿ ಹೊಳೆಯುವ ಉತ್ತರ ತಪ್ಪು. ಅಮೆರಿಕನರು ವೈದ್ಯರ ಬಳಿಗೆ ಪದೇ ಪದೇ ಓಡುವವರಲ್ಲ. ವರ್ಷಕ್ಕೆ ಅವರ ಭೇಟಿಗಳು ಅನೇಕ ಯೂರೋಪಿಯನ್ ರಾಷ್ಟ್ರಗಳವರ ಭೇಟಿಗಳಿಗಿಂತ ಕಡಮೆ. ಹೆಚ್ಚಿರುವುದು ಬೆಲೆ. ಅದೇ ಔಷಧ, ಅದೇ ಶಸ್ತ್ರಚಿಕಿತ್ಸೆ ಅಲ್ಲಿ ದುಬಾರಿ ಎಂಬುದನ್ನು ಊವೆ ರೈನ್‌ಹಾರ್ಟ್ ಮೊದಲಾದ ಅರ್ಥಶಾಸ್ತ್ರಜ್ಞರು ೨೦೦೩ರಲ್ಲಿ ಲೆಕ್ಕಹಾಕಿ ತೋರಿಸಿದರು.

ಈ ಬೆಲೆಯನ್ನು ತೆರುವವರಾರು? ಇಲ್ಲಿಗೆ ವಿಮೆಯ ಮಾತು ಬಂದಿತು. ಜರ್ಮನಿಯಲ್ಲಿ ಬಿಸ್ಮಾರ್ಕನು ೧೮೮೩ರಲ್ಲಿಯೇ ಕೆಲಸಗಾರರ ರೋಗವಿಮೆಗೆ ಶಾಸನ ಮಾಡಿದನು. ಬ್ರಿಟನ್ನಿನಲ್ಲಿ ೧೯೪೮ರ ಜುಲೈ ೫ರಿಂದ ಸರ್ಕಾರವೇ ಎಲ್ಲರ ಚಿಕಿತ್ಸೆಯ ಹೊಣೆಯನ್ನು ಹೊತ್ತಿತು. ಅಮೆರಿಕದ ದಾರಿ ಮಾತ್ರ ಯಾರೂ ಯೋಜಿಸಿ ಹಾಕಿದುದಲ್ಲ. ೧೯೨೯ರಲ್ಲಿ ಟೆಕ್ಸಾಸಿನ ಡಲಾಸ್ ನಗರದ ಉಪಾಧ್ಯಾಯರು ತಿಂಗಳಿಗೆ ಅರ್ಧ ಡಾಲರು ಕೊಟ್ಟರೆ ವರ್ಷಕ್ಕೆ ೨೧ ದಿನ ಆಸ್ಪತ್ರೆಯಲ್ಲಿ ಆರೈಕೆ ಪಡೆಯಬಹುದೆಂಬ ಒಂದು ಏರ್ಪಾಡಾಯಿತು. ನಮ್ಮ ಹಳ್ಳಿಗಳ ಚೀಟಿಯನ್ನು ಬಲ್ಲವರಿಗೆ ಇದರ ತಿರುಳು ಕೂಡಲೆ ತಿಳಿಯುವುದು. ಎರಡನೆಯ ಮಹಾಯುದ್ಧದಲ್ಲಿ ಸರ್ಕಾರ ಸಂಬಳಗಳನ್ನು ಏರಿಸಕೂಡದೆಂದು ಕಟ್ಟುಮಾಡಿದಾಗ, ಕಾರ್ಖಾನೆಗಳವರು ಆಳುಗಳನ್ನು ಸೆಳೆಯಲು ಸಂಬಳದ ಬದಲು ರೋಗವಿಮೆಯನ್ನು ಕೊಡತೊಡಗಿದರು. ಆ ವಿಮೆಯ ಹಣಕ್ಕೆ ತೆರಿಗೆಯೂ ಇಲ್ಲವಾಯಿತು. ಹೀಗೆ ಚಿಕಿತ್ಸೆ ಉದ್ಯೋಗಕ್ಕೆ ಗಂಟುಬಿದ್ದಿತು. ಕೆಲಸ ಹೋದರೆ ವಿಮೆಯೂ ಹೋಗುವುದು. ರೋಗ ಹೆಚ್ಚಾದರೆ ಕೆಲಸ ಹೋಗುವುದು. ವಿಮೆ ಬೇಕಾದ ಹೊತ್ತಿಗೇ ಕೈಬಿಡುವ ಇಂಥ ವ್ಯವಸ್ಥೆಯನ್ನು ಬುದ್ಧಿವಂತರು ಕುಳಿತು ರಚಿಸಿದ್ದರೆ ನಾವು ನಗುತ್ತಿದ್ದೆವು.

ಅಧ್ಯಕ್ಷ ಟ್ರೂಮನ್ನರು ೧೯೪೫ರಲ್ಲಿ ಎಲ್ಲರಿಗೂ ರಾಷ್ಟ್ರೀಯ ವಿಮೆ ಬೇಕೆಂದು ಸೂಚಿಸಿದರು. ವೈದ್ಯರ ಸಂಘವೇ ಬಲವಾಗಿ ವಿರೋಧಿಸಿ ಅದನ್ನು ಮುರಿಯಿತು. ಇಪ್ಪತ್ತು ವರ್ಷಗಳ ಬಳಿಕ, ೧೯೬೫ರ ಜುಲೈ ೩೦ರಂದು, ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಎಂಬ ವಿಮೆಗಳಿಗೆ ಅಧ್ಯಕ್ಷ ಜಾನ್ಸನ್ನರು ಸಹಿ ಹಾಕಿದರು. ಸಹಿ ಹಾಕಲು ಅವರು ಟ್ರೂಮನ್ನರ ಊರಿಗೇ ಹೋಗಿ, ಮೊದಲನೆಯ ಮೆಡಿಕೇರ್ ಕಾರ್ಡನ್ನು ಆ ಮುದುಕನ ಕೈಗೆ ಕೊಟ್ಟರು.

ನಡುವಯಸ್ಸಿನವರಿಗೂ ವಿಮೆ ಒದಗಿಸುವಲ್ಲಿ ಒಂದು ಗಣಿತದ ತೊಡಕಿದೆ. ನೂರು ಮಂದಿಯಿದ್ದಾರೆ, ಅವರಲ್ಲಿ ಹತ್ತು ಮಂದಿ ರೋಗಿಗಳು, ಒಬ್ಬೊಬ್ಬರಿಗೆ ವರ್ಷಕ್ಕೆ ೧,೦೦೦ ಡಾಲರು ವೆಚ್ಚ ಎಂದಿಟ್ಟುಕೊಳ್ಳೋಣ. ಎಲ್ಲರೂ ಸೇರಿದರೆ ತಲೆಗೆ ೧೦೦ ಡಾಲರು ಸಾಕು. ಆರೋಗ್ಯವಂತರಲ್ಲಿ ಐವತ್ತು ಮಂದಿ “ನಮಗೇಕೆ?” ಎಂದು ಹೊರಟರೆ ಉಳಿದವರು ತಲೆಗೆ ೨೦೦ ಕೊಡಬೇಕು. ಆಗ ಇನ್ನಷ್ಟು ಮಂದಿ ಹೊರಡುವರು. ಕೊನೆಗೆ ರೋಗಿಗಳು ಮಾತ್ರ ಉಳಿದು ತಲೆಗೆ ಸಾವಿರದ ವಿಮೆ ವಿಮೆಯೇ ಅಲ್ಲವಾಗುವುದು. ೨೦೧೦ರ ಮಾರ್ಚಿಯಲ್ಲಿ ಅಧ್ಯಕ್ಷ ಒಬಾಮರ ಕಾಲದಲ್ಲಿ ಆದ ಶಾಸನವು, ರೋಗಿಯೆಂಬ ಕಾರಣದಿಂದ ಯಾರಿಗೂ ವಿಮೆಯನ್ನು ನಿರಾಕರಿಸಕೂಡದೆಂದು ವಿಧಿಸಿತು. ಅದಕ್ಕೆ ಜೊತೆಯಾಗಿ, ವಿಮೆ ಕೊಳ್ಳದವರಿಗೆ ದಂಡವನ್ನೂ ಇಟ್ಟಿತು. ಈ ಎರಡನೆಯ ಭಾಗ ಜನರನ್ನು ಕೆರಳಿಸಿತು. ಇಷ್ಟವಿಲ್ಲದ ಸರಕನ್ನು ಕೊಳ್ಳೆಂದು ಸರ್ಕಾರ ಹೇಳಬಹುದೆ? ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದೇ ಮತದ ಅಂತರದಿಂದ ಅದನ್ನು ತೆರಿಗೆಯೆಂದು ಎಣಿಸಿ ಒಪ್ಪಿತು. ೨೦೧೭ರ ಇನ್ನೊಂದು ಶಾಸನವು ೨೦೧೯ರಿಂದ ದಂಡವನ್ನು ಸೊನ್ನೆಗಿಳಿಸಿತು. ಆದರೂ ವಿಮೆಯ ಏರ್ಪಾಡು ಕುಸಿಯಲಿಲ್ಲ. ಕಂತಿಗೆ ಸರ್ಕಾರ ಕೊಡುತ್ತಿದ್ದ ಸಹಾಯಧನವೇ ದಂಡಕ್ಕಿಂತ ಬಲವಾದ ಆಕರ್ಷಣೆಯಾಗಿ ನಿಂತಿತು.

ಇನ್ನು ಪ್ರಯೋಗಗಳ ಸಂಗತಿ. ಚಿಕಿತ್ಸೆ ಪುಕ್ಕಟೆಯಾದರೆ ಜನ ಅದನ್ನು ಪೋಲುಮಾಡುವರೆ? ಇದನ್ನರಿಯಲು ರ‍್ಯಾಂಡ್ ಸಂಸ್ಥೆಯವರು ೧೯೭೪ರಿಂದ ೧೯೮೨ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಕುಟುಂಬಗಳ ಮೇಲೆ ಪರೀಕ್ಷೆ ನಡೆಸಿದರು. ಯಾವ ಕುಟುಂಬಕ್ಕೆ ಯಾವ ವಿಮೆಯೆಂಬುದನ್ನು ಅದೃಷ್ಟಕ್ಕೆ ಬಿಟ್ಟರು. ಕೆಲವರಿಗೆ ಎಲ್ಲವೂ ಉಚಿತ. ಕೆಲವರು ವೆಚ್ಚದಲ್ಲಿ ನೂರಕ್ಕೆ ೨೫, ಕೆಲವರು ೫೦, ಮತ್ತೆ ಕೆಲವರು ೯೫ ಪಾಲನ್ನು ತಾವೇ ತೆರಬೇಕು. ಯಾರೂ ದಿವಾಳಿಯಾಗದಂತೆ ವರ್ಷಕ್ಕೊಂದು ಮಿತಿಯೂ ಇದ್ದಿತು. ಹೆಚ್ಚು ತೆರಬೇಕಾದವರು ಉಚಿತ ಚಿಕಿತ್ಸೆಯವರಿಗಿಂತ ನೂರಕ್ಕೆ ಸುಮಾರು ೩೦ರಷ್ಟು ಕಡಮೆ ವೆಚ್ಚ ಮಾಡಿದರು. ಸರಾಸರಿಯಲ್ಲಿ ಅವರ ಆರೋಗ್ಯವೇನೂ ಕೆಡಲಿಲ್ಲ. ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದವರು ಬಹಳ. ಮುಂದಿನ ಪುಟದಲ್ಲಿ ಬೇರೆ ಎರಡು ಸಂಗತಿಗಳಿವೆ. ಜೇಬಿನಿಂದ ಕೊಡಬೇಕಾದಾಗ ಜನರು ಅನಾವಶ್ಯಕ ಚಿಕಿತ್ಸೆಯನ್ನು ಮಾತ್ರವಲ್ಲ, ಅವಶ್ಯಕವಾದುದನ್ನೂ ಅಷ್ಟೇ ಪ್ರಮಾಣದಲ್ಲಿ ಬಿಟ್ಟರು. ಯಾವುದು ಯಾವುದೆಂದು ಅವರಿಗೆ ಹೇಗೆ ತಿಳಿಯಬೇಕು? ಎರಡನೆಯದಾಗಿ, ಬಡವರಲ್ಲಿ ರಕ್ತದ ಒತ್ತಡವಿದ್ದವರಿಗೆ ಉಚಿತ ಚಿಕಿತ್ಸೆಯಿಂದ ಒತ್ತಡ ಇಳಿಯಿತು. ಸರಾಸರಿ ಎಂಬ ಪರದೆಯ ಹಿಂದೆ ಇವರು ಅಡಗಿಹೋಗಿದ್ದರು. ಇನ್ನೂ ಒಂದು ಮಾತು: ಚಿಕಿತ್ಸೆ ಉಚಿತವಾದರೂ ಜನರ ಧೂಮಪಾನವಾಗಲಿ ದೇಹದ ತೂಕವಾಗಲಿ ಬದಲಾಗಲಿಲ್ಲ.

ಎರಡನೆಯ ಪ್ರಯೋಗವನ್ನು ಯಾರೂ ಉದ್ದೇಶಿಸಿರಲಿಲ್ಲ. ೨೦೦೮ರಲ್ಲಿ ಆರೆಗಾನ್ ಸಂಸ್ಥಾನದ ಬಳಿ ಸುಮಾರು ೧೦,೦೦೦ ಬಡವರಿಗೆ ಮಾತ್ರ ಮೆಡಿಕೇಡ್ ಕೊಡುವಷ್ಟು ಹಣವಿದ್ದಿತು. ಹೆಸರು ಕೊಟ್ಟವರು ಸುಮಾರು ೯೦,೦೦೦. ನ್ಯಾಯವಾಗಿರಲೆಂದು ಚೀಟಿ ಎತ್ತಿದರು. ಏಮಿ ಫಿಂಕಲ್‌ಸ್ಟೈನ್, ಕ್ಯಾಥರೀನ್ ಬೇಕರ್ ಎಂಬ ವಿದ್ವಾಂಸೆಯರು ಇದರ ಬೆಲೆಯನ್ನು ಕೂಡಲೆ ಅರಿತರು. ಚೀಟಿ ಬಂದವರಿಗೂ ಬಾರದವರಿಗೂ ಅದೃಷ್ಟವೊಂದನ್ನುಳಿದು ಬೇರೆ ಭೇದವಿಲ್ಲವಷ್ಟೆ! ಎರಡು ವರ್ಷಗಳ ಬಳಿಕ ನೋಡಿದರೆ, ವಿಮೆ ದೊರೆತವರಲ್ಲಿ ಸಾಲಸೋಲಗಳು ಇಳಿದಿದ್ದವು, ಮನಸ್ಸಿನ ಖಿನ್ನತೆ ಗಣನೀಯವಾಗಿ ತಗ್ಗಿತ್ತು. ರಕ್ತದ ಒತ್ತಡ, ಕೊಲೆಸ್ಟರಾಲ್, ರಕ್ತದ ಸಕ್ಕರೆಗಳಲ್ಲಿ ಮಾತ್ರ ಖಚಿತವೆನ್ನುವ ವ್ಯತ್ಯಾಸ ಕಾಣಲಿಲ್ಲ. ವಿಮೆಯಿದ್ದರೆ ಜನ ತುರ್ತು ಚಿಕಿತ್ಸೆಯ ಕೋಣೆಗೆ ಹೋಗುವುದು ಕಡಮೆಯಾಗುವುದೆಂದು ಸುಧಾರಕರು ನಂಬಿದ್ದರು. ಅದು ನೂರಕ್ಕೆ ೪೦ರಷ್ಟು ಹೆಚ್ಚಿತು! ಎರಡು ಪಕ್ಷಗಳವರೂ ಈ ಫಲಿತಾಂಶದಿಂದ ತಮಗೆ ಬೇಕಾದ ಸಾಲನ್ನು ಹೆಕ್ಕಿಕೊಂಡರು. ನನಗೆ ತೋರುವ ಮಟ್ಟಿಗೆ, ಮನೆ ಮುಳುಗದಂತೆ ಕಾಯುವುದೇ ವಿಮೆಯ ಮೊದಲನೆಯ ಕೆಲಸ. ಅದನ್ನು ಅದು ಮಾಡಿತು.

ಹಾಗಾದರೆ ಅಭ್ಯಾಸಗಳನ್ನು ಬದಲಿಸುವುದು ಹೇಗೆ? ತಂಬಾಕಿನ ಉದಾಹರಣೆ ಕಣ್ಣೆದುರಿಗಿದೆ. ಸಿಗರೇಟಿಗೂ ಪುಪ್ಪುಸದ ಕ್ಯಾನ್ಸರಿಗೂ ಇರುವ ನಂಟನ್ನು ೧೯೫೦ರಲ್ಲಿ ಬ್ರಿಟನ್ನಿನ ಡಾಲ್ ಮತ್ತು ಹಿಲ್ ತೋರಿಸಿದರು. ಅದೇ ವರ್ಷ ಅಮೆರಿಕದಲ್ಲಿಯೂ ಅಂಥ ವರದಿ ಬಂದಿತು. ಸರ್ಕಾರದ ಮುಖ್ಯ ವೈದ್ಯಾಧಿಕಾರಿ ಲೂಥರ್ ಟೆರ್ರಿಯವರು ತಮ್ಮ ವರದಿಯನ್ನು ೧೯೬೪ರ ಜನವರಿ ೧೧ರಂದು ಹೊರಡಿಸಿದರು. ಷೇರುಪೇಟೆ ಕದಡಬಾರದೆಂದು ಶನಿವಾರವನ್ನೇ ಆರಿಸಿದ್ದರಂತೆ. ೧೯೬೫ರಲ್ಲಿ ನೂರಕ್ಕೆ ಸುಮಾರು ೪೨ ವಯಸ್ಕರು ಸೇದುತ್ತಿದ್ದರು. ೨೦೨೧ರ ಹೊತ್ತಿಗೆ ೧೧.೫. ಬರಿಯ ಉಪದೇಶದಿಂದ ಇದು ಆಗಲಿಲ್ಲ. ಪೊಟ್ಟಣದ ಮೇಲೆ ಎಚ್ಚರಿಕೆ, ೧೯೭೧ರಿಂದ ರೇಡಿಯೋ ಟೆಲಿವಿಷನ್‌ಗಳಲ್ಲಿ ಜಾಹೀರಾತಿಗೆ ನಿಷೇಧ, ಮೇಲಿಂದ ಮೇಲೆ ಏರಿದ ತೆರಿಗೆ, ಕಚೇರಿ ಹೋಟೆಲುಗಳಲ್ಲಿ ಸೇದಕೂಡದೆಂಬ ಕಟ್ಟಳೆ—ಎಲ್ಲವೂ ಕೂಡಿದುವು.

ಆಹಾರದ ವಿಷಯದಲ್ಲಿ ಇದೇ ದಾರಿ ಹಿಡಿಯಲು ಹೋಗಿ ಮುಗ್ಗರಿಸಿದರು. ಸ್ಥೂಲಕಾಯದ ವಯಸ್ಕರು ೧೯೬೦ರ ಸುಮಾರಿನಲ್ಲಿ ನೂರಕ್ಕೆ ೧೩ರಷ್ಟಿದ್ದವರು ೨೦೨೦ರ ಹೊತ್ತಿಗೆ ೪೨ ಆದರು. ನ್ಯೂಯಾರ್ಕ್ ನಗರದ ಆರೋಗ್ಯ ಮಂಡಲಿ ೨೦೧೨ರಲ್ಲಿ ಸಕ್ಕರೆ ಪಾನೀಯಗಳನ್ನು ೧೬ ಔನ್ಸಿಗಿಂತ ದೊಡ್ಡ ಲೋಟಗಳಲ್ಲಿ ಮಾರಬಾರದೆಂದಿತು. ಜನ ಗೇಲಿಮಾಡಿದರು, ಮಂಡಲಿಗೆ ಈ ಅಧಿಕಾರವಿಲ್ಲವೆಂದು ಸಂಸ್ಥಾನದ ಅತ್ಯುನ್ನತ ನ್ಯಾಯಾಲಯ ೨೦೧೪ರಲ್ಲಿ ತೀರ್ಪಿತ್ತಿತು. ಅದೇ ವರ್ಷ ಕ್ಯಾಲಿಫೋರ್ನಿಯದ ಬರ್ಕ್ಲಿ ನಗರದವರು ತಾವೇ ಮತ ಹಾಕಿ ಔನ್ಸಿಗೆ ಒಂದು ಸೆಂಟಿನಂತೆ ತೆರಿಗೆಯನ್ನು ಒಪ್ಪಿಕೊಂಡರು. ಅನ್ನ ತಂಬಾಕಲ್ಲ, ಯಾರೂ ಉಣ್ಣುವುದನ್ನು ಬಿಡಲಾರರು.

ಅಭ್ಯಾಸದ ಪಕ್ಷದವರು ಉತ್ತರ ಹೇಳಲಾರದ ಒಂದು ರೋಗವುಂಟು. ಮಧುಮೇಹದ ಒಂದು ಬಗೆಯಲ್ಲಿ ಮಗುವಿನ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೊಂದುಬಿಡುತ್ತದೆ. ಆ ಮಗು ಏನನ್ನೂ ತಪ್ಪಾಗಿ ಉಂಡಿಲ್ಲ. ಬದುಕಿರುವವರೆಗೆ ದಿನವೂ ಇನ್ಸುಲಿನ್ ಬೇಕು. ತಪ್ಪಿದರೆ ಕೆಲವೇ ದಿನಗಳಲ್ಲಿ ಸಾವು. ೧೯೨೨ರ ಜನವರಿಯಲ್ಲಿ ಟೊರಾಂಟೋದಲ್ಲಿ ಹದಿನಾಲ್ಕರ ಬಾಲಕನೊಬ್ಬನಿಗೆ ಅದನ್ನು ಮೊದಲು ಚುಚ್ಚಿದರು. ಕಂಡುಹಿಡಿದವರು ತಮ್ಮ ಹಕ್ಕನ್ನು ಒಂದೊಂದು ಡಾಲರಿಗೆ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ನೂರು ವರ್ಷಗಳೊಳಗೆ ಅಮೆರಿಕದಲ್ಲಿ ಅದರ ಬೆಲೆ ಎಷ್ಟೇರಿತೆಂದರೆ, ವಿಮೆಯಿಲ್ಲದವರು ಅಳೆದಳೆದು ಕಡಮೆ ಚುಚ್ಚಿಕೊಂಡರು. ಹಾಗೆ ಮಾಡಿ ಸತ್ತವರೂ ಉಂಟು. ೨೦೨೨ರ ಶಾಸನವು ಮೆಡಿಕೇರಿನವರಿಗೆ ತಿಂಗಳಿಗೆ ೩೫ ಡಾಲರಿಗಿಂತ ಹೆಚ್ಚು ಬೀಳದಂತೆ ಮಿತಿ ಹಾಕಿತು. ಖಾಸಗಿ ವಿಮೆಯವರಿಗೂ ಅದೇ ಮಿತಿ ಇರಲೆಂಬ ಸೂಚನೆಗೆ ಸೆನೆಟಿನಲ್ಲಿ ೫೭ ಮತಗಳು ಪರವಾಗಿಯೂ ೪೩ ವಿರೋಧವಾಗಿಯೂ ಬಿದ್ದವು. ಬೇಕಾಗಿದ್ದವು ೬೦. ಮರುವರ್ಷ ತಯಾರಕರು ತಾವಾಗಿಯೇ ಬೆಲೆ ಇಳಿಸಿದರು.