ಕಬ್ಬಿನ ರೋಗ, ಗಣಕ ಮತ್ತು ಹೊಲದ ನೆರವು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬು ಮುಖ್ಯ ಬೆಳೆ. ಹ್ಯಾಕಥಾನ್‌ಗಾಗಿ ನೀವು ಎಲೆಯ ಚಿತ್ರದಿಂದ ಕಬ್ಬಿನ ರೋಗ ಗುರುತಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶ ರಚಿಸುತ್ತಿದ್ದೀರಿ ಎನ್ನಿ. ತಾಂತ್ರಿಕ ನೆರವನ್ನು ಯಾರಲ್ಲಿ ಕೇಳುವಿರಿ?

2016ರಲ್ಲಿ ಮೊಹಾಂತಿ, ಹ್ಯೂಸ್ ಮತ್ತು ಸಲಾಥೆ ‘ಪ್ಲಾಂಟ್‌ವಿಲೇಜ್’ ಸಂಗ್ರಹದ 54,306 ಎಲೆಚಿತ್ರಗಳನ್ನು ಬಳಸಿ ಇಂಥದೇ ಪ್ರಯೋಗ ನಡೆಸಿದರು. ಅದೇ ಸಂಗ್ರಹದಿಂದ ಪರೀಕ್ಷೆಗೆಂದು ತೆಗೆದಿರಿಸಿದ ಚಿತ್ರಗಳಲ್ಲಿ ಗಣಕದ ಉತ್ತರ ಶೇ. 99.35ರಷ್ಟು ಸರಿಯಾಗಿತ್ತು. ಬೇರೆ ಸನ್ನಿವೇಶದ ಚಿತ್ರಗಳಲ್ಲಿ ಸುಮಾರು ಶೇ. 31 ಮಾತ್ರ! ಏಕೆ? ಸಂಗ್ರಹದ ಎಲೆಗಳನ್ನು ಕಿತ್ತು, ಒಂದೇ ಬಗೆಯ ಹಿನ್ನೆಲೆಯ ಮೇಲಿಟ್ಟು ಚಿತ್ರ ತೆಗೆಯಲಾಗಿತ್ತು. ಹೊಲದಲ್ಲಾದರೋ ನೆರಳು, ದೂಳು, ಎಲೆಗಳ ಗೋಜಲು. ಮೇಲಾಗಿ ಆ ಸಂಗ್ರಹದಲ್ಲಿ ಕಬ್ಬೇ ಇಲ್ಲ.

ಆದ್ದರಿಂದ ಮೊದಲು ರೈತರನ್ನೂ ಸಸ್ಯರೋಗ ತಜ್ಞರನ್ನೂ ಕಾಣಿರಿ. ಕೆಂಪು ಕೊಳೆ ರೋಗ ತಿಳಿಯಲು ಜಲ್ಲೆಯನ್ನು ಸೀಳಬೇಕು. ಕೆಂಪಾದ ಒಳಭಾಗದಲ್ಲಿ ಅಡ್ಡಲಾಗಿ ಬಿಳಿ ಮಚ್ಚೆಗಳು ಕಾಣುತ್ತವೆ. ಎಲೆಯ ಚಿತ್ರವೊಂದೇ ಇದನ್ನು ಹೇಳಲಾರದು. ಅಥಣಿಯ ಚಿತ್ರಗಳಿಂದ ಕಲಿತ ತಂತ್ರಾಂಶವನ್ನು ರಾಯಬಾಗದ ಹೊಲದಲ್ಲಿ ಪರೀಕ್ಷಿಸಿ.

ಆಮೇಲೆ ಗಣಕ ತಜ್ಞರಲ್ಲಿಗೆ ಹೋಗಿ. “ಕೆಲಸ ಮಾಡುತ್ತಿಲ್ಲ” ಎಂದಷ್ಟೇ ಹೇಳಬೇಡಿ. ಎಷ್ಟು ಚಿತ್ರ ಬಳಸಿದಿರಿ, ಯಾವ ರೋಗವನ್ನು ಗಣಕ ಯಾವುದೆಂದು ತಪ್ಪಾಗಿ ಹೇಳಿತು ಎಂಬುದನ್ನು ಬರೆದುಕೊಂಡು ಹೋಗಿ. ಬಹುಮಾನ ತಪ್ಪಿದರೆ ಮುಂದಿನ ವರ್ಷವಿದೆ. ತಪ್ಪು ಉತ್ತರ ನಂಬಿ ಔಷಧಿ ಹೊಡೆದ ರೈತನಿಗೆ ಆ ವರ್ಷದ ಬೆಳೆ ಮತ್ತೆ ಬಾರದು.