ಡೈನಮೊ ಇಳಿದು ಆಲ್ಟರ್ನೇಟರ್ ಏರಿದ ಕತೆ

ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿರುವ ಶಂಕರಪುರದಲ್ಲಿ ದಿನ ಶುರುವಾಗುವುದೇ ಮಲ್ಲಿಗೆಯ ಮೊಗ್ಗಿನಿಂದ. ಬೆಳಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಿಡಿದು, ಆ ದಿನದ ದರ ಗೊತ್ತಾಗುತ್ತಲೇ ಗಾಡಿಗೇರಿಸಬೇಕು. ಹೂವು ಕಾಯುವುದಿಲ್ಲ. ಅಂಥ ಹೊತ್ತಿನಲ್ಲಿ ಕೀ ತಿರುಗಿಸಿದಾಗ ‘ಟಿಕ್’ ಅನ್ನುವ ಸದ್ದೊಂದೇ ಬಂದರೆ, ಬಾನೆಟ್ ಎತ್ತಿ ನೋಡಿದ ಮೆಕ್ಯಾನಿಕ್ ಹೇಳುವ ಮಾತು ಹೆಚ್ಚಾಗಿ ಒಂದೇ: “ಡೈನಮೊ ಹೋಗಿದೆ.” ಅಸಲಿಗೆ ಈಗಿನ ಗಾಡಿಗಳಲ್ಲಿ ಡೈನಮೊ ಇಲ್ಲ, ಇರುವುದು ಆಲ್ಟರ್ನೇಟರ್. ಡೈನಮೊವನ್ನು ಕೆಳಗಿಳಿಸಲು ಒಂದು ಶತಮಾನಕ್ಕಿಂತ ಹೆಚ್ಚು ಕಾಲದ ಹೆಣಗಾಟ ಬೇಕಾಯಿತು. ಹೆಸರು ಮಾತ್ರ ಗ್ಯಾರೇಜುಗಳಲ್ಲಿ ಉಳಿದುಕೊಂಡಿತು.

ಕತೆ ಹುಟ್ಟಿದ್ದು ಲಂಡನ್ನಿನಲ್ಲಿ. ಕರೆಂಟು ಹರಿದರೆ ತಂತಿಯ ಸುತ್ತ ಕಾಂತಶಕ್ತಿ ಹುಟ್ಟುತ್ತದೆಂದು 1820ರಲ್ಲೇ ಗೊತ್ತಾಗಿತ್ತು. ಹಾಗಾದರೆ ಕಾಂತದಿಂದ ಕರೆಂಟು ಏಕೆ ಹುಟ್ಟಬಾರದು? ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುತ್ತ ಬೆಳೆದ ಮೈಕೆಲ್ ಫ್ಯಾರಡೆಯ ತಲೆ ಹೊಕ್ಕ ಪ್ರಶ್ನೆ ಅದು. ಮತ್ತೆ ಮತ್ತೆ ಪ್ರಯತ್ನಿಸಿ ಸೋತ. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ, ಒಂದಕ್ಕೆ ಬ್ಯಾಟರಿ ತಾಗಿಸಿದ. ಇನ್ನೊಂದಕ್ಕೆ ಜೋಡಿಸಿದ್ದ, ಕರೆಂಟು ಹರಿದರೆ ಅಲುಗುವ ಮುಳ್ಳು ಒಮ್ಮೆ ಬೆಚ್ಚಿ, ಸುಮ್ಮನಾಯಿತು. ಬ್ಯಾಟರಿ ತೆಗೆದಾಗ ಮತ್ತೊಮ್ಮೆ ಬೆಚ್ಚಿತು, ಈ ಸಲ ಎದುರು ದಿಕ್ಕಿಗೆ. ಕಾಂತ ಸುಮ್ಮನಿದ್ದರೆ ಏನೂ ಇಲ್ಲ, ಬದಲಾದರೆ ಕರೆಂಟು! ಅಕ್ಟೋಬರ್ 17ರಂದು ಸುರುಳಿಯೊಳಗೆ ಕಾಂತದ ಸಲಾಕೆ ತೂರಿಸಿ ಎಳೆದಾಗಲೂ ಹಾಗೆಯೇ ಆಯಿತು. ತೂರಿಸಿದರೆ ಒಂದು ಕಡೆಗೆ, ಎಳೆದರೆ ಇನ್ನೊಂದು ಕಡೆಗೆ ಮುಳ್ಳು ವಾಲಿತು.

ಈ ಹಿಂದುಮುಂದಿನ ಹರಿವೇ ಮುಂದೆ ತಲೆನೋವಾಯಿತು. 1832ರಲ್ಲಿ ಪ್ಯಾರಿಸಿನ ಉಪಕರಣ ತಯಾರಕ ಇಪೊಲಿಟ್ ಪಿಕ್ಸಿ ಲಾಳಾಕಾರದ ಕಾಂತವನ್ನು ಕೈಯಿಂದ ತಿರುಗಿಸುವ ಯಂತ್ರ ಕಟ್ಟಿದ. ಕರೆಂಟು ಬಂತು, ಆದರೆ ಅರ್ಧ ಸುತ್ತಿಗೊಮ್ಮೆ ದಿಕ್ಕು ಬದಲಿಸುತ್ತಿತ್ತು. ಜಗತ್ತಿನ ಮೊದಲ ಆಲ್ಟರ್ನೇಟರ್ ಅದೇ. ಆಗ ಅದು ದೋಷವಾಗಿಯೇ ಕಂಡಿತು. ಫ್ರೆಂಚ್ ವಿಜ್ಞಾನಿ ಆಂಪಿಯರ್ ಒಂದು ದಾರಿ ಸೂಚಿಸಿದ: ದಿಕ್ಕು ತಿರುಗುವ ಕ್ಷಣಕ್ಕೆ ಸರಿಯಾಗಿ ತಂತಿಗಳನ್ನು ಅದಲುಬದಲು ಮಾಡುವ ಸಾಧನ, ಕಮ್ಯುಟೇಟರ್. ಕರೆಂಟು ಒಂದೇ ಕಡೆಗೆ ಹರಿಯತೊಡಗಿತು. ಹೀಗೆ ಒಂದೇ ದಿಕ್ಕಿನ ಕರೆಂಟು, ಅಂದರೆ ಡಿಸಿ, ಕೊಡುವ ಡೈನಮೊದ ದಾರಿ ತೆರೆಯಿತು.

ದಿಕ್ಕು ಬದಲಿಸುವ ಕರೆಂಟು, ಅಂದರೆ ಎಸಿ, ಬೇರೆಡೆ ತನ್ನ ತಾಕತ್ತು ತೋರಿಸಿತು. 1902ರ ಜೂನ್ 30ರಂದು ಶಿವನಸಮುದ್ರದ ಆಲ್ಟರ್ನೇಟರುಗಳಿಂದ ಹೊರಟ ವಿದ್ಯುತ್ತು ಸುಮಾರು 147 ಕಿ.ಮೀ. ದಾಟಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಗಣಿಗೆ ಬೇಕಿದ್ದುದು ಯಂತ್ರ ತಿರುಗುವುದು, ಅದಕ್ಕೆ ಎಸಿ ಸಾಕು. ಕಾರಿಗೆ ಬೇಕಿದ್ದುದು ಬ್ಯಾಟರಿ ತುಂಬುವುದು. ಹಿಂದೆಮುಂದೆ ಹರಿಯುವ ಕರೆಂಟಿನಿಂದ ಬ್ಯಾಟರಿ ತುಂಬುವುದಿಲ್ಲ.

1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಎಲೆಕ್ಟ್ರಿಕ್ ಸ್ಟಾರ್ಟರ್ ಕೂರಿಸಿದ ಮೇಲೆ ಬ್ಯಾಟರಿಯಿಲ್ಲದೆ ಕಾರು ಕದಲದಂತಾಯಿತು. ಆ ಬ್ಯಾಟರಿಯನ್ನು ತುಂಬುವ ಹೊರೆ ಡೈನಮೊ ಹೊತ್ತಿತು, ಏದುಸಿರು ಬಿಡುತ್ತಲೇ. ಅದರಲ್ಲಿ ಹುಟ್ಟಿದ ಕರೆಂಟೆಲ್ಲ ತಿರುಗುವ ಕಮ್ಯುಟೇಟರಿನ ಮೂಲಕವೇ ಹಾಯಬೇಕು. ಕಿಡಿ ಹಾರಿತು, ಕಮ್ಯುಟೇಟರಿಗೆ ಒತ್ತಿ ಕೂತ ಕಾರ್ಬನ್ ಸವೆಯಿತು. ವೇಗವಾಗಿ ತಿರುಗಿಸಿದರೆ ಕಿತ್ತುಹೋಗುವ ಭಯ, ನಿಧಾನವಾದರೆ ಚಾರ್ಜೇ ಇಲ್ಲ. ಮಳೆಯ ರಾತ್ರಿ, ಹೆಡ್‌ಲೈಟ್ ಉರಿದು ವೈಪರ್ ಆಡುತ್ತಿರುವಾಗ ಗಾಡಿ ತೆವಳಿದರೆ ಬ್ಯಾಟರಿ ಬರಿದಾಗುತ್ತಲೇ ಹೋಗುತ್ತಿತ್ತು. ಆಲ್ಟರ್ನೇಟರ್ ಆದರೆ ಈ ಕಷ್ಟವಿಲ್ಲವೆಂದು ಎಂಜಿನಿಯರುಗಳಿಗೆ ಗೊತ್ತಿತ್ತು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲೊಂದು ಬೇಕಿತ್ತು, ಅಷ್ಟೆ. ಸೆಲೆನಿಯಂ ತಗಡುಗಳ ಬಾಗಿಲು ಇತ್ತು ನಿಜ. ಅದು ದೊಡ್ಡದು, ಬಿಸಿ ತಾಳದ್ದು. ಬಸ್ಸಿಗೆ, ಪೊಲೀಸ್ ಗಾಡಿಗೆ ಹೇಗೋ ಹಿಡಿಸಿತು, ಸಾಮಾನ್ಯ ಕಾರಿಗೆ ಹಿಡಿಸಲಿಲ್ಲ.

ಬಾಗಿಲು ಸಿಕ್ಕಿದ್ದು ಕಾರಿಗೆ ಸಂಬಂಧವೇ ಇಲ್ಲದ ಜಾಗದಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಸೆಲ್ ಓಲ್ ರೇಡಿಯೋ ಅಲೆ ಹಿಡಿಯಲು ಸಿಲಿಕಾನ್ ಹರಳುಗಳ ಬೆನ್ನುಹತ್ತಿದ್ದ. 1940ರ ಫೆಬ್ರವರಿ 23ರಂದು ಅವನ ಕೈಗೆ ಬಂದದ್ದು ನಡುವೆ ಬಿರುಕು ಬಿಟ್ಟ ತುಂಡು. ಬೇರೆ ಯಾರಾದರೂ ಎಸೆಯುತ್ತಿದ್ದರೇನೊ. ಓಲ್ ಅಳೆಯುತ್ತ ಕೂತ. ಅಳತೆ ಒಂದೇ ಕಡೆ ನಿಲ್ಲದೆ ಆಟವಾಡಿಸಿತು. ಕೊನೆಗೆ ಹೊಳೆಯಿತು: ಬೆಳಕು ಬಿದ್ದಾಗಲೆಲ್ಲ ಹರಳಿನಲ್ಲಿ ಕರೆಂಟು ಏಳುತ್ತಿತ್ತು! ಮಾರ್ಚಿನಲ್ಲಿ ಅದನ್ನು ಕಣ್ಣಾರೆ ಕಂಡ, ಅದೇ ಪ್ರಯೋಗಾಲಯದ ವಾಲ್ಟರ್ ಬ್ರಾಟನ್‌ಗೂ ನಂಬಿಕೆ ಬರಲಿಲ್ಲ. ಹರಳು ತಣಿಯುವಾಗ ಒಂದು ಭಾಗದಲ್ಲಿ ಒಂದು ಬಗೆಯ ಕಲ್ಮಶ, ಇನ್ನೊಂದರಲ್ಲಿ ಬೇರೆ ಬಗೆಯದು ನಿಂತಿತ್ತು. ಎರಡೂ ಸೇರುವ ಗೆರೆಯಲ್ಲಿ ಕರೆಂಟು ಒಂದೇ ದಿಕ್ಕಿಗೆ ಸುಲಭವಾಗಿ ದಾಟುತ್ತಿತ್ತು.

ಆ ಗೆರೆಯನ್ನು ಬೇಕೆಂದಂತೆ ಮಾಡುವುದನ್ನು ಕಲಿಯಲು ಇನ್ನೂ ವರ್ಷಗಳು ಹಿಡಿದವು. 1950ರ ದಶಕದಲ್ಲಿ ಗುಂಡಿಯಷ್ಟು ಚಿಕ್ಕ, ಬಿಸಿ ತಾಳುವ ಬಾಗಿಲುಗಳು, ಸಿಲಿಕಾನ್ ಡಯೋಡುಗಳು, ಬಂದವು. 1960ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರನ್ನೇ ಕೂರಿಸಿತು. ಪಿಕ್ಸಿಯ ‘ದೋಷ’ 128 ವರ್ಷಗಳ ಮೇಲೆ ಗೆದ್ದಿತು.

ಆಲ್ಟರ್ನೇಟರಿನ ಒಳಗುಟ್ಟು ಇಷ್ಟೆ. ಎಂಜಿನ್ನಿನ ಬೆಲ್ಟು ರೋಟರನ್ನು ತಿರುಗಿಸುತ್ತದೆ. ಎರಡು ಪುಟ್ಟ ಕಾರ್ಬನ್ನುಗಳ ಮೂಲಕ ಬರುವ ಸಣ್ಣ ಕರೆಂಟು ಆ ರೋಟರನ್ನು ಕಾಂತವಾಗಿಸುತ್ತದೆ. ಸುತ್ತ ಅಲುಗದೆ ಕೂತ ಮೂರು ಗುಂಪು ಸುರುಳಿಗಳಲ್ಲಿ ಎಸಿ ಹುಟ್ಟುತ್ತದೆ, ಸಾಮಾನ್ಯವಾಗಿ ಆರು ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ, ರೆಗ್ಯುಲೇಟರ್ ವೋಲ್ಟೇಜನ್ನು ಹದದಲ್ಲಿಡುತ್ತದೆ. ದೊಡ್ಡ ಕರೆಂಟು ತಿರುಗುವ ಭಾಗದ ಮೂಲಕ ಹಾಯಬೇಕಾಗಿಲ್ಲ. ಹಾಗಾಗಿ ಕಾರ್ಬನ್ ಬಹುಕಾಲ ಬಾಳುತ್ತದೆ, ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿದ್ದರೂ ಚಾರ್ಜ್ ಆಗುತ್ತದೆ.

ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಮೀಟರಿಟ್ಟರೆ ಹೆಚ್ಚಿನ ಗಾಡಿಗಳಲ್ಲಿ ಸುಮಾರು 13.8ರಿಂದ 14.5 ವೋಲ್ಟ್ ಕಾಣಬೇಕು. ಕಡಿಮೆಯಿದ್ದರೆ ಮೊದಲು ನೋಡಬೇಕಾದದ್ದು ಬೆಲ್ಟಿನ ಬಿಗಿ. ಆಮೇಲೆ ಕರಾವಳಿಯ ಉಪ್ಪುಗಾಳಿಗೆ ಹಸಿರುಗಟ್ಟುವ ಟರ್ಮಿನಲ್ಲು, ಅರ್ಥ್ ತಂತಿ, ಕೊನೆಗೆ ಕಾರ್ಬನ್. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರು ಕಿತ್ತು ಚಾರ್ಜ್ ನೋಡುವ ಪದ್ಧತಿ, ಗ್ಯಾರೇಜುಗಳಲ್ಲಿ ಉಳಿದ ಆ ಹೆಸರಿನಂತೆಯೇ, ಡೈನಮೊ ಕಾಲದ್ದು. ಆಲ್ಟರ್ನೇಟರಿರುವ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡುಗಳೂ ಗಾಡಿಯ ಕಂಪ್ಯೂಟರೂ ಸುಟ್ಟುಹೋಗಬಲ್ಲವು.