ಉಂಡದ್ದು ಮೈಗೆ ಹತ್ತುವ ಬಗೆ

ಒಂದೇ ಒಲೆಯ ಅನ್ನವನ್ನುಂಡ ಎರಡು ಮಕ್ಕಳಲ್ಲಿ ಒಂದು ಮೈತುಂಬಿ ಬೆಳೆಯುವುದೂ ಇನ್ನೊಂದು ಸೊರಗುವುದೂ ಉಂಟು. ಅಂಥ ಮಗುವನ್ನು ಕಂಡ ಹಿರಿಯರು “ಇದಕ್ಕೆ ಉಂಡದ್ದು ಮೈಗೆ ಹತ್ತುವುದಿಲ್ಲ” ಎನ್ನುವುದು ವಾಡಿಕೆ. ಈ ಮಾತಿನಲ್ಲಡಗಿದ ಒಗಟಿನ ಒಂದು ಮುಖವನ್ನು ಪ್ರಯೋಗದಿಂದ ಬಿಡಿಸಿ ತೋರಿದವರು ಅಮೇರಿಕೆಯ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ವೈದ್ಯವಿಜ್ಞಾನಿ ಡಾ. ಜೆಫ್ರಿ ಗಾರ್ಡನ್ನರು.

ಮಾನವನ ಕರುಳು, ವಿಶೇಷವಾಗಿ ದೊಡ್ಡ ಕರುಳು, ಕೋಟ್ಯನುಕೋಟಿ ಸೂಕ್ಷ್ಮಜೀವಿಗಳ ನೆಲೆ. ಕ್ರಿಮಿ ಎಂದೊಡನೆ ರೋಗವನ್ನೇ ನೆನೆಯುವ ಅಭ್ಯಾಸ ಜನರಲ್ಲಿ ಬೇರೂರಿದೆಯಾದರೂ ಇವುಗಳಲ್ಲಿ ಬಹುಪಾಲು ರೋಗಕಾರಕಗಳಲ್ಲ. ಕಾಳು, ಕಾಯಿ, ಸೊಪ್ಪುಗಳ ನಾರಿನಲ್ಲಿರುವ ಹಲವು ಜಟಿಲ ಶರ್ಕರಪಿಷ್ಟಗಳನ್ನು ಒಡೆಯಬಲ್ಲ ಕಿಣ್ವಗಳು ಮಾನವದೇಹದಲ್ಲಿಲ್ಲ. ಸೂಕ್ಷ್ಮಜೀವಿಗಳು ಅವನ್ನು ಹುಳಿಯಿಸಿ, ಕರುಳು ಹೀರಬಲ್ಲ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ದೋಸೆಯ ಹಿಟ್ಟು ಇರುಳಿನಲ್ಲಿ ಹುಳಿಬಂದು ಉಬ್ಬುವುದನ್ನು ಬಲ್ಲವರಿಗೆ ಈ ಕಾರ್ಯವು ತೀರ ಅಪರಿಚಿತವೆನಿಸದು. ಪ್ರಾಚೀನ ವೈದ್ಯವು ಜಠರಾಗ್ನಿಯೆಂದು ಕರೆದುದು ಈ ಜೀವಿಗಳನ್ನೇ ಎಂದು ಹೇಳಿಬಿಡುವ ಉತ್ಸಾಹವು ಕೆಲವರಲ್ಲಿ ಕಾಣುತ್ತದೆ, ಅದು ಸಲ್ಲದು. ಎರಡರ ದಾರಿಯೂ ಬೇರೆ, ಪ್ರಮಾಣವೂ ಬೇರೆ.

ಗಾರ್ಡನ್ನರು ಹಿಡಿದ ಪ್ರಮಾಣ ಇಲಿಗಳದು. ಶೋಧಿಸಿದ ಗಾಳಿ, ನಿರ್ಜೀವಾಣುಗೊಳಿಸಿದ ನೀರು, ಆಹಾರಗಳ ನಡುವೆ, ಹೊರಲೋಕದ ಸೋಂಕಿಲ್ಲದ ಗೂಡುಗಳಲ್ಲಿ ಬೆಳೆಸಿದ ಇಲಿಗಳ ಕರುಳಿನಲ್ಲಿ ಒಂದೂ ಸೂಕ್ಷ್ಮಜೀವಿ ಇರುವುದಿಲ್ಲ. ಇಂಥ ಇಲಿಗಳಿಗೆ ಸಾಮಾನ್ಯ ಇಲಿಗಳ ಕರುಳಿನ ಜೀವಿಗಳನ್ನು ಸೇರಿಸಿದಾಗ, ಹದಿನಾಲ್ಕು ದಿನಗಳಲ್ಲಿ ಅವುಗಳ ಮೈಕೊಬ್ಬು ಶೇಕಡಾ 60ರಷ್ಟು ಹೆಚ್ಚಿತೆಂದು ಅವರ ತಂಡವು 2004ರಲ್ಲಿ ಪ್ರಕಟಿಸಿತು. ಸೋಜಿಗವೆಂದರೆ, ಆ ಇಲಿಗಳು ತಿಂದುದು ಮೊದಲಿಗಿಂತ ಕಡಿಮೆ! ತಿಂದ ತುತ್ತಿನ ಲೆಕ್ಕವೊಂದರಿಂದಲೇ ದೇಹದ ಚಯಾಪಚಯವನ್ನು ಅಳೆಯುವ ಪದ್ಧತಿಗೆ ಇದರಿಂದ ದೊಡ್ಡ ಪೆಟ್ಟು ಬಿದ್ದಿತು.

ಬೊಜ್ಜಿನಿಂದ ಆರಂಭವಾದ ಈ ವಿಚಾರವು ಬಹುಬೇಗ ಹಸಿವಿನ ಕಡೆಗೆ ಹೊರಳಿತು. ಅದರ ಹಿರಿಮೆಯಿರುವುದೂ ಅಲ್ಲಿಯೇ. ಆಫ್ರಿಕಾದ ಮಲಾವಿ ದೇಶದಲ್ಲಿ ಅವಳಿಮಕ್ಕಳ 317 ಜೋಡಿಗಳನ್ನು ಹುಟ್ಟಿನಿಂದ ಮೂರು ವರ್ಷಗಳವರೆಗೆ ಗಮನಿಸಲಾಯಿತು. ಒಂದೇ ತಾಯಿ, ಒಂದೇ ಗುಡಿಸಲು, ಒಂದೇ ಊಟ. ಆದರೂ ಹಲವು ಜೋಡಿಗಳಲ್ಲಿ ಒಂದು ಮಗು ಕ್ಷೇಮವಾಗಿದ್ದು ಮತ್ತೊಂದು ನ್ಯೂನಪೋಷಣೆಗೆ ಈಡಾಯಿತು. ಕೆಲವಕ್ಕೆ ಮೈಯಲ್ಲಿ ಬಾವು ತರುವ ಕ್ವಾಷಿಯೋರ್ಕರ್ ರೋಗ ಅಂಟಿತು. ಆ ರೋಗಿ ಮಗುವಿನ ಕರುಳಿನ ಜೀವಿಗಳನ್ನು ನೆಲೆಗೊಳಿಸಿ ಮಲಾವಿಯ ಬಡ ಊಟವನ್ನೇ ಉಣಿಸಿದಾಗ ಇಲಿಗಳು ತೀವ್ರವಾಗಿ ಬಡಕಲಾದವು. ಶೇಂಗಾದ ಪಥ್ಯಾಹಾರದಿಂದ ಚೇತರಿಸಿಕೊಂಡವಾದರೂ ಹಳೆಯ ಊಟಕ್ಕೆ ಮರಳಿದೊಡನೆ ಆ ಚೇತರಿಕೆ ಇಳಿದುಹೋಯಿತು. 2013ರಲ್ಲಿ ಇದು ಪ್ರಕಟವಾಯಿತು.

ಕೊರತೆ ಅನ್ನದ್ದೊಂದೇ ಅಲ್ಲವೆಂದಾದರೆ ಮಾಡತಕ್ಕದ್ದೇನು? ಈ ಪ್ರಶ್ನೆಗೆ ಉತ್ತರ ಹುಡುಕುವಲ್ಲಿ ಗಾರ್ಡನ್ನರ ಜೊತೆಗೂಡಿದವರು ಬಾಂಗ್ಲಾದೇಶದ ಢಾಕಾದಲ್ಲಿರುವ ಅತಿಸಾರರೋಗ ಸಂಶೋಧನಾ ಕೇಂದ್ರದ ಡಾ. ತಹ್ಮೀದ್ ಅಹ್ಮದ್ ಮತ್ತು ಸಂಗಡಿಗರು. ಆರೋಗ್ಯವಂತ ಶಿಶುವಿನ ಕರುಳಿನ ಜೀವಿಸಮೂಹವು ಮಗುವಿನೊಡನೆ ತಾನೂ ಕ್ರಮವಾಗಿ ಬಲಿಯುತ್ತದೆ. ಸೊರಗಿದ ಮಗುವಿನಲ್ಲಿ ಅದು ವಯಸ್ಸಿಗೆ ತಕ್ಕಂತೆ ಬಲಿಯದೆ ಎಳಸಾಗಿಯೇ ಉಳಿಯುತ್ತದೆ ಎಂಬುದು 2014ರಲ್ಲಿ ಇವರು ಕಂಡುಕೊಂಡ ಸಂಗತಿ. ಹಾಗಿದ್ದರೆ ಮಗುವಿನೊಡನೆ ಅದರ ಒಳಗಿನ ಒಕ್ಕಲಿಗೂ ಉಣಿಸಬೇಕಷ್ಟೆ. ಇಲಿಗಳಲ್ಲಿಯೂ ಹಂದಿಮರಿಗಳಲ್ಲಿಯೂ ಪರೀಕ್ಷಿಸಿ ಅವರು ಆರಿಸಿಕೊಂಡ ಪದಾರ್ಥಗಳು ಯಾವ ಸಂತೆಯಲ್ಲಾದರೂ ದೊರೆಯುವಂಥವು: ಕಡಲೆ, ಶೇಂಗಾ, ಸೋಯಾ ಅವರೆ, ಬಾಳೆಕಾಯಿ.

ಢಾಕಾದ ಮೀರ್‌ಪುರದ ಕೊಳೆಗೇರಿಯಲ್ಲಿ, ಒಂದರಿಂದ ಒಂದೂವರೆ ವರ್ಷ ವಯಸ್ಸಿನ ಸೊರಗಿದ ಮಕ್ಕಳಿಗೆ ದಿನಕ್ಕೆರಡು ಬಾರಿಯಂತೆ ಮೂರು ತಿಂಗಳು ಈ ಮಿಶ್ರಣವನ್ನು ತಿನ್ನಿಸಲಾಯಿತು. ಇನ್ನೊಂದು ಗುಂಪಿಗೆ ಅಕ್ಕಿ, ಬೇಳೆಗಳಿಂದ ಮಾಡಿದ ರೂಢಿಯ ಪೂರಕಾಹಾರ. ಪರೀಕ್ಷೆಯನ್ನು ಪೂರೈಸಿದ ಮಕ್ಕಳು 118. ಹೊಸ ಮಿಶ್ರಣದಲ್ಲಿ ಶಕ್ತಿಯ ಪ್ರಮಾಣ, ಅಂದರೆ ಕ್ಯಾಲೊರಿ, ರೂಢಿಯ ಆಹಾರಕ್ಕಿಂತ ಕಡಿಮೆಯಿದ್ದಿತು. ಆದರೂ ಅದನ್ನು ತಿಂದ ಮಕ್ಕಳ ತೂಕವೇ ಹೆಚ್ಚು ಚೆನ್ನಾಗಿ ಏರಿತು. ಬೆಳವಣಿಗೆಗೆ ಒದಗುವ ಸೂಕ್ಷ್ಮಜೀವಿಗಳೂ ಅವರ ಕರುಳಿನಲ್ಲಿ ಹೆಚ್ಚಿದವು. ಈ ಫಲಿತಾಂಶ ಬೆಳಕು ಕಂಡದ್ದು 2021ರಲ್ಲಿ.

ಪರೀಕ್ಷೆ ಚಿಕ್ಕದು, ಅವಧಿಯೂ ಅಲ್ಪ. ಮಕ್ಕಳ ಎತ್ತರದಲ್ಲಿ ಎರಡು ಗುಂಪುಗಳ ನಡುವೆ ಆ ಮೂರು ತಿಂಗಳಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಿಸಲಿಲ್ಲ.